ಕೂಲಿಯವರ ಅಕ್ಕಿ, ರೈತರ ವಿಮೆ



ಕಳೆ ತೆಗೆಯುವ ಕಾಲ ಬಂದರೆ ಅರಳಿಕಟ್ಟೆಯ ಮೇಲೆ ಒಂದೇ ಮಾತು: "ಸರ್ಕಾರ ಪುಕ್ಕಟೆ ಅಕ್ಕಿ ಕೊಟ್ಟು ಜನರನ್ನು ಸೋಮಾರಿ ಮಾಡಿತು, ಕೂಲಿಗೆ ಆಳು ಸಿಗುವುದಿಲ್ಲ." ನಿಮ್ಮ ಕಷ್ಟ ಸುಳ್ಳಲ್ಲ. ಹದ ತಪ್ಪಿದರೆ ಗೊಬ್ಬರವೆಲ್ಲ ಕಳೆಯ ಪಾಲು. ಆದರೆ ತಪ್ಪು ಅಕ್ಕಿಯದೇ ಎಂಬುದನ್ನು ಲೆಕ್ಕ ಹಾಕಿ ನೋಡಿರಿ.

2013ರ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಒಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯ; ಅಂದರೆ ದಿನಕ್ಕೆ ಸುಮಾರು 165 ಗ್ರಾಂ. ರಾಜ್ಯ ಸರ್ಕಾರ ಕೊಡುವುದನ್ನು ಸೇರಿಸಿದರೂ ಬಟ್ಟೆ, ಔಷಧ, ಮಕ್ಕಳ ಓದಿಗೆ ದುಡಿಯಲೇಬೇಕು. ಹೆಚ್ಚು ಕೂಲಿ, ಹೆಚ್ಚು ದಿನದ ಕೆಲಸ ಸಿಗುವ ಕಡೆ ಆಳು ಹೋಗುವುದು ಸಹಜ. ಹಸಿವಿಗೆ ಹೆದರಿ ಕೊಟ್ಟಷ್ಟಕ್ಕೆ ದುಡಿಯುವ ಗತಿ ತಪ್ಪಿದ್ದರೆ ಅದಕ್ಕೆ ಕೊರಗಬೇಕಾಗಿಲ್ಲ.

ನಮ್ಮ ಲೆಕ್ಕವನ್ನೂ ನೋಡೋಣ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳು ಬೆಳೆಗೆ ರೈತ ಕಟ್ಟುವುದು ಹೆಚ್ಚೆಂದರೆ ವಿಮಾ ಮೊತ್ತದ ಶೇ. 2. ಅಂದರೆ 20,000 ರೂ.ಗೆ 400 ರೂ. ಮಿಕ್ಕ ಕಂತು ಸರ್ಕಾರಗಳ ಪಾಲು. 2019ರಲ್ಲಿ ಬಂದ ಪಿಎಂ ಕಿಸಾನ್ ಯೋಜನೆಯ ವಾರ್ಷಿಕ 6,000 ರೂ. ಜಮೀನು ಉಳ್ಳ ಕುಟುಂಬಕ್ಕೆ. ಭೂಮಿಯಿಲ್ಲದ ಕೂಲಿಗಾರನಿಗೆ ಇಲ್ಲ. ಇವುಗಳಿಂದ ನಾವು ಸೋಮಾರಿಗಳಾದೆವೆ?

ಹಿಂದೆ ಊರಲ್ಲೇ ಮುಯ್ಯಾಳು, ಕಣದ ಆಯ, ಹಗೇವಿನ ಕಾಳಿನ ಕಡ ಇದ್ದವು. ಒಂದು ಮನೆಯ ಕಷ್ಟಕ್ಕೆ ಅವು ಸಾಕಾಗುತ್ತಿದ್ದವು. ಊರಿಗೂರೇ ಬರ ಬಿದ್ದರೆ ಯಾರು ಯಾರಿಗೆ ಕೊಡಬೇಕು? 1876-78ರ ಬರದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಸರ್ಕಾರದ ಆಸರೆ ಬೇಕಾಗುವುದು ಅಂಥ ಕಾಲಕ್ಕೇ.

ಹಾಗಾದರೆ ಆಸರೆ ಎಲ್ಲಿಯವರೆಗೆ? ಬರ, ಮುಪ್ಪು, ರೋಗ, ಅಂಗವಿಕಲತೆ, ದುಡಿಯುವವರ ಸಾವು, ಇಂಥ ಕೈಮೀರಿದ ಕಷ್ಟವನ್ನು ಸಮಾಜ ಹೊರಬೇಕು. ದುಡಿಮೆಯಿಂದ ಆಗುವುದನ್ನು ಮನೆಯವರೇ ನೋಡಿಕೊಳ್ಳಬೇಕು. ಉಳ್ಳವರು ಬಡವರ ಪಡಿತರ ಚೀಟಿ ಇಟ್ಟುಕೊಂಡಿದ್ದರೆ ಹಿಂತಿರುಗಿಸಬೇಕು. ಈ ಅಳತೆ ಕೂಲಿಯವರಿಗೂ ರೈತರಿಗೂ ಒಂದೇ.

ಈಗ ಮಾಡಬೇಕಾದದ್ದು: ಕೊನೆಯ ದಿನಕ್ಕೆ ಕಾಯದೆ ಬೆಳೆ ವಿಮೆ ಕಟ್ಟಿರಿ. ಆಲಿಕಲ್ಲು ಬಿದ್ದು ಅಥವಾ ನೀರು ನಿಂತು ವಿಮೆ ಕಟ್ಟಿದ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಿರಿ. ಸಾಲು ಬಿತ್ತನೆ ಮಾಡಿ ಎಡೆಕುಂಟೆ ಹೊಡೆದರೆ ಕಳೆಗೆ ಆಳು ಕಡಿಮೆ ಸಾಕು; ಚಿಕ್ಕ ಹಿಡುವಳಿದಾರರು ಮುಯ್ಯಾಳು ಕಟ್ಟಿಕೊಳ್ಳಬಹುದು. ನಿಮ್ಮ ಹೊಲದಲ್ಲಿ ದುಡಿದ ಮುದುಕರಿಗೆ, ವಿಧವೆಯರಿಗೆ ಪಿಂಚಣಿ ಬರುತ್ತಿದೆಯೇ ಎಂದು ಒಮ್ಮೆ ವಿಚಾರಿಸಿರಿ. ಬರದಿದ್ದರೆ ಅರ್ಜಿ ಬರೆದುಕೊಟ್ಟು ನಾಡಕಚೇರಿಗೆ ಕಳುಹಿಸಿರಿ.