ಕಂಪ್ಯೂಟರ್ ಬಂತು, ಪಿಂಚಣಿ ಎಲ್ಲಿ ಸ್ವಾಮಿ?

ಭವಿಷ್ಯನಿಧಿ ಸಂಸ್ಥೆಯವರು 2025ರ ಜನವರಿಯಿಂದ ಪಿಂಚಣಿ ಬಟವಾಡೆಗೆ ದೇಶಕ್ಕೆಲ್ಲ ಒಂದೇ ಕೇಂದ್ರೀಕೃತ ವ್ಯವಸ್ಥೆ ತಂದರು. 68 ಲಕ್ಷಕ್ಕೂ ಮಿಕ್ಕಿದ ಪಿಂಚಣಿದಾರರು ಇದರಡಿ ಬಂದರು. ಯಾವ ಬ್ಯಾಂಕಾದರೂ ಸರಿ, ಯಾವ ಶಾಖೆಯಾದರೂ ಸರಿ, ದುಡ್ಡು ಬೀಳುತ್ತೆ. ಊರು ಬಿಟ್ಟು ಮಗನ ಮನೆ ಸೇರಿದರೆ ಪಿಂಚಣಿ ಆದೇಶದ ಕಡತ ಕಚೇರಿಯಿಂದ ಕಚೇರಿಗೆ ಅಲೆಯಬೇಕಿಲ್ಲ. ಒಳ್ಳೇದೇ. ಬೇಡ ಅಂದೋರು ಯಾರು?

ಆದರೆ ಬೀಳದೇ ಹೋದ ತಿಂಗಳು ಯಾರನ್ನ ಕೇಳೋದು? ಶಾಖೆಯಲ್ಲಿ ಕೇಳಿದರೆ 'ಮೇಲಿಂದಲೇ ಬಂದಿಲ್ಲ'. ಕಚೇರಿಯಲ್ಲಿ ಕೇಳಿದರೆ 'ನಾವು ಕಳಿಸಿದೀವಿ, ಬ್ಯಾಂಕಲ್ಲಿ ವಿಚಾರಿಸಿ'. ದಾವಣಗೆರೆಯಂಥ ಗಿರಣಿ ಊರಿನಲ್ಲಿ ಮಗ್ಗದ ಮುಂದೆ ಆಯುಷ್ಯ ಸವೆಸಿದವನಿಗೆ 2014ರಲ್ಲಿ ಗೊತ್ತುಮಾಡಿದ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ. ಅದರಲ್ಲೇ ನಾಲ್ಕು ಸಲ ಬಸ್ ಚಾರ್ಜು. (ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾಯ್ತು, ಮುದುಕಪ್ಪಗಳ ಗತಿ?)

ದೋಷ ಸಾಮಾನ್ಯವಾಗಿ ಸಣ್ಣದೇ ಇರುತ್ತೆ. 2017ರಿಂದ 2020ರೊಳಗೆ ಮೈಸೂರು ಬ್ಯಾಂಕು, ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಎಲ್ಲವೂ ದೊಡ್ಡ ಬ್ಯಾಂಕುಗಳೊಳಗೆ ಕರಗಿದವು. ಶಾಖೆಯ ಐ.ಎಫ್.ಎಸ್. ಕೋಡೂ ಬದಲಾಯ್ತು. ಟ್ರಂಕಿನಲ್ಲಿಟ್ಟ ಹಳೇ ಪಾಸ್‌ಪುಸ್ತಕದ ಕೋಡೇ ಕಡತದಲ್ಲಿದ್ದರೆ ಹಣ ದಾರಿ ತಪ್ಪೋದು ಸಹಜ. ಆಧಾರಿನಲ್ಲಿ ಒಂದು ಹೆಸರು, ಖಾತೆಯಲ್ಲಿ ಇನ್ನೊಂದು ಇದ್ದರೂ ತಕರಾರು. ಇನ್ನು ಜೀವಂತ ಪತ್ರ. ಸರಕಾರಿ ನಿವೃತ್ತರು ನವೆಂಬರಿನಲ್ಲಿ ಕೊಡ್ತಾರೆ. ಭವಿಷ್ಯನಿಧಿ ಪಿಂಚಣಿದಾರರದು ಕೊಟ್ಟ ದಿನದಿಂದ 12 ತಿಂಗಳು ನಡೆಯುತ್ತೆ. ನೆರೆಮನೆ ಮೇಷ್ಟ್ರನ್ನ ನೋಡಿ ನವೆಂಬರ್ ಕಾಯುತ್ತಾ ಕೂತರೆ ನಡುವೆಯೇ ಪಿಂಚಣಿ ನಿಲ್ಲುತ್ತೆ. ಬೆರಳಚ್ಚು ಸವೆದಿದ್ದರೆ ಮುಖ ತೋರಿಸಿ ಪತ್ರ ಕೊಡುವ ಸೌಕರ್ಯ 2021ರಿಂದಲೇ ಇದೆ. ಕೌಂಟರಿನವರು ಬಾಯಿಬಿಟ್ಟು ಹೇಳಬೇಕಷ್ಟೆ.

ಸರಕಾರಿ ಪಿಂಚಣಿ ತಡವಾದರೆ ಬ್ಯಾಂಕು ಶೇಕಡ 8ರ ಬಡ್ಡಿಯನ್ನ, ಪಿಂಚಣಿದಾರ ಕೇಳದೆಯೇ, ತಾನಾಗಿ ಜಮಾ ಮಾಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮ. ಎಷ್ಟು ಮೇಷ್ಟ್ರುಗಳಿಗೆ ಇದು ಗೊತ್ತು? ಗಿರಣಿಯವನ ಸಾವಿರ ರೂಪಾಯಿಗೂ ಹೀಗೇ ಬಡ್ಡಿ ಬೀಳಲಿ.

ಸದ್ಯಕ್ಕೆ ಸಂಬಂಧಪಟ್ಟವರು ಇಷ್ಟಾದರೂ ಮಾಡಲಿ: ಹಣ ವಾಪಸಾದರೆ ಯಾಕೆ ವಾಪಸಾಯ್ತು ಅಂತ ಒಂದು ಚೀಟಿಯಲ್ಲಿ, ಕನ್ನಡದಲ್ಲಿ, ಬರೆದು ಶಾಖೆಯ ಮೊಹರು ಹಾಕಿ ಕೈಗೆ ಕೊಡಲಿ. 'ಸಿಸ್ಟಮ್ ತಗೊಳ್ತಿಲ್ಲ' ಅನ್ನೋ ಮಾತಿಗೆ ಮೊಹರು ಹಾಕೋಕೆ ಯಾವ ಮ್ಯಾನೇಜರು ಒಪ್ತಾರೋ ನೋಡೋಣ.