ವಿದ್ಯಾರ್ಥಿ ನಾಯಕ ಯಾರಿಗೆ ಉತ್ತರ ಕೊಡಬೇಕು?

ದೇಶವನ್ನೇ ಅಲುಗಾಡಿಸುವ ಚಳವಳಿಯ ಮುಂದೆ ಇಪ್ಪತ್ತಾರರ ಹುಡುಗನೊಬ್ಬ ನಿಂತರೆ ಎರಡು ಮಾತು ಕೇಳಿಬರುತ್ತವೆ. ಓದುವ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು ಎನ್ನುತ್ತಾರೆ ಹಿರಿಯರು. ಇವನ ಹಿಂದೆ ಯಾರಿದ್ದಾರೆ ಎಂದು ಹುಡುಕುತ್ತದೆ ಸರ್ಕಾರ. ನಿಜವಾಗಿ ಕೇಳಬೇಕಾದದ್ದು ಬೇರೆ: ಇವನು ದಾರಿ ತಪ್ಪಿದರೆ ಇವನನ್ನು ಇಳಿಸುವವರು ಯಾರು?

2024ರ ಬಾಂಗ್ಲಾದೇಶವನ್ನೇ ನೋಡಿ. 1971ರ ವಿಮೋಚನಾ ಯೋಧರ ವಂಶಸ್ಥರಿಗೆ ಸರ್ಕಾರಿ ನೌಕರಿಯಲ್ಲಿ ಇದ್ದ ಶೇ 30ರ ಮೀಸಲಾತಿ 2018ರಲ್ಲಿ ರದ್ದಾಗಿತ್ತು. 2024ರ ಜೂನ್ 5ರಂದು ಹೈಕೋರ್ಟ್ ಅದಕ್ಕೆ ಮರುಜೀವ ಕೊಟ್ಟಿತು. ಬೀದಿಗಿಳಿದ ವಿದ್ಯಾರ್ಥಿಗಳು ಅಧ್ಯಕ್ಷ, ಕಾರ್ಯದರ್ಶಿ ಎಂದು ಯಾರನ್ನೂ ಕೂರಿಸಲಿಲ್ಲ. ಜುಲೈ 8ರಂದು 65 ಜನರ ತಂಡ ಕಟ್ಟಿಕೊಂಡರು. ಮುಂದಾಳುಗಳೆಲ್ಲ ಬರೀ ಸಂಯೋಜಕರು. ಢಾಕಾ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿದ್ಯಾರ್ಥಿ ನಾಹಿದ್ ಇಸ್ಲಾಂ ಅವರಲ್ಲೊಬ್ಬ.

ಈ ಏರ್ಪಾಡಿನ ಬೆಲೆ ತಿಳಿದದ್ದು ಜುಲೈ ಕೊನೆಯ ವಾರದಲ್ಲಿ. ಪೊಲೀಸರ ಪತ್ತೇದಾರಿ ವಿಭಾಗ ನಾಹಿದ್ ಸೇರಿದಂತೆ ಆರು ಸಂಯೋಜಕರನ್ನು ತನ್ನ ವಶದಲ್ಲಿ ಇಟ್ಟುಕೊಂಡಿತು. 28ರ ರಾತ್ರಿ ಒಂದು ವಿಡಿಯೊ ಹೊರಬಂತು. ಆರೂ ಜನ ಸಾಲಾಗಿ ಕೂತಿದ್ದಾರೆ. ನಾಹಿದ್ ಕೈಯಲ್ಲಿನ ಹಾಳೆ ನೋಡಿಕೊಂಡು, ಚಳವಳಿ ಹಿಂತೆಗೆದುಕೊಂಡಿದ್ದೇವೆ ಎಂದು ಓದುತ್ತಾನೆ. ಅವರಿಗೆ ಊಟ ಹಾಕಿಸಿದ ಫೋಟೊವನ್ನೂ ವಿಭಾಗದ ಮುಖ್ಯಸ್ಥರೇ ಹಂಚಿಕೊಂಡರು. ಒಬ್ಬನೇ ಸರ್ವಾಧಿಕಾರಿ ನಾಯಕನಿದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹೊರಗಿದ್ದ ಸಂಯೋಜಕರು ಇದು ಬಲವಂತದ ಹೇಳಿಕೆ ಎಂದು ಸಾರಿ, ಮರುದಿನದ ಪ್ರತಿಭಟನೆಗೆ ಕರೆ ಕೊಟ್ಟರು. ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟರು. ಜುಲೈ 1ರಿಂದ ಆಗಸ್ಟ್ 15ರವರೆಗೆ ಸತ್ತವರ ಸಂಖ್ಯೆ 1,400ರವರೆಗೂ ಇರಬಹುದು ಎಂಬುದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯ ಅಂದಾಜು.

ಹಾಗಾದರೆ ಚಳವಳಿಗೆ ಗುರುತಿನ ಮುಖವೇ ಬೇಡವೇ? ಬೇಕು. ಪತ್ರಕರ್ತರಿಗೆ ಉತ್ತರಿಸಲು, ಮಂತ್ರಿಯ ಎದುರು ಕೂತು ಮಾತಾಡಲು, ಅಂಜಿದವರಿಗೆ ಧೈರ್ಯ ತುಂಬಲು ಗುಂಪಿನಿಂದ ಆಗದು; ಒಬ್ಬರು ಮುಂದೆ ಬರಲೇಬೇಕು. 2011ರಲ್ಲಿ ಚಿಲಿಯಲ್ಲಿ ಅಂಥ ಮುಖವಾದವಳು ಭೂಗೋಳದ ವಿದ್ಯಾರ್ಥಿನಿ ಕಮೀಲಾ ವಯೆಹೊ. ಸರ್ವಾಧಿಕಾರಿ ಪಿನೊಚೆಯ ಆಡಳಿತ ಶಿಕ್ಷಣವನ್ನು ಮಾರುಕಟ್ಟೆಗೆ ಒಪ್ಪಿಸಿದ್ದರ ಫಲವಾಗಿ ದುಬಾರಿ ಶುಲ್ಕ, ಬ್ಯಾಂಕ್ ಸಾಲಗಳಡಿ ನಲುಗಿದ್ದ ತಲೆಮಾರು ಬೀದಿಗೆ ಬಂದಿತ್ತು. ಜಗತ್ತಿನ ಪತ್ರಿಕೆಗಳು ಅವಳ ಮುಖವನ್ನೇ ಅಚ್ಚು ಹಾಕಿದವು. ಆದರೂ ಅವಳು ಚಿಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಒಕ್ಕೂಟದ ಚುನಾಯಿತ ಅಧ್ಯಕ್ಷೆಯಷ್ಟೆ. ಅದೇ ಡಿಸೆಂಬರಿನಲ್ಲಿ ಚುನಾವಣೆ ಬಂತು. ಕಾನೂನು ವಿದ್ಯಾರ್ಥಿ ಗೇಬ್ರಿಯಲ್ ಬೊರಿಕ್ ಎದುರು ಇನ್ನೂರಕ್ಕೂ ಕಡಿಮೆ ಮತಗಳಿಂದ ಸೋತಳು. ಜಗತ್ತು ಮೆರೆಸಿದವಳನ್ನು ಸಹಪಾಠಿಗಳು ಇಳಿಸಿದರು. ಒಕ್ಕೂಟ ಒಡೆಯಲಿಲ್ಲ, ಹೋರಾಟವೂ ನಿಲ್ಲಲಿಲ್ಲ.

ಒಂದು ಆಕ್ಷೇಪವಿದೆ: ಇಷ್ಟು ಅಂಕುಶ ಹಾಕಿದರೆ ನಾಯಕತ್ವ ಬೆಳೆಯುವುದು ಹೇಗೆ? ಎಲ್ಲವನ್ನೂ ಸಭೆಗೆ ಒಯ್ದು ತೀರ್ಮಾನಿಸುವ ಹೊತ್ತಿಗೆ ಅವಕಾಶ ಕೈತಪ್ಪುತ್ತದೆ ಎಂಬುದೂ ಸುಳ್ಳಲ್ಲ. ಆದರೆ ವಿದ್ಯಾರ್ಥಿ ನಾಯಕನ ಬಳಿ ಹಣವಿಲ್ಲ, ಕುರ್ಚಿಯಿಲ್ಲ, ಜಾತಿ ಮಠದ ಬೆಂಬಲವಿಲ್ಲ. ತನ್ನವರ ನಂಬಿಕೆಯೊಂದೇ ಅವನ ಬಂಡವಾಳ, ಅದನ್ನು ಅವರು ಯಾವಾಗ ಬೇಕಾದರೂ ವಾಪಸು ಪಡೆಯಬಹುದು. ಅವನ ಮಾತಿಗೆ ತೂಕ ಬರುವುದೇ ಈ ಕಾರಣಕ್ಕೆ.

ಆತಂಕ ಇರುವುದು ಗೆದ್ದ ಮೇಲೆ. ನಾಹಿದ್ ಮಧ್ಯಂತರ ಸರ್ಕಾರದಲ್ಲಿ ಸಲಹೆಗಾರನಾದ. ಬೀದಿಯ ಒಪ್ಪಿಗೆಯೇ ಅರ್ಹತೆಯಾಗಿದ್ದ, ಮತಪೆಟ್ಟಿಗೆಯ ಪರೀಕ್ಷೆಯಿಲ್ಲದ ಸ್ಥಾನ ಅದು. 2025ರ ಫೆಬ್ರುವರಿಯಲ್ಲಿ ಅದನ್ನು ಬಿಟ್ಟು ಹೊಸ ಪಕ್ಷದ ಮುಂದಾಳಾದ. ಬೊರಿಕ್, ವಯೆಹೊ ಇಬ್ಬರೂ 2013ರಲ್ಲಿ ಮತ ಕೇಳಿ ಸಂಸತ್ತಿಗೆ ಹೋದರು. 2022ರಲ್ಲಿ ಅವನು ರಾಷ್ಟ್ರಾಧ್ಯಕ್ಷ, ಅವಳು ಸರ್ಕಾರದ ವಕ್ತಾರೆ. ಆದರೂ ವಿದ್ಯಾರ್ಥಿ ಸಾಲ ವ್ಯವಸ್ಥೆಯನ್ನು ಬದಲಿಸುವ ಮಸೂದೆ ಮಂಡನೆಯಾದದ್ದು 2024ರ ಅಕ್ಟೋಬರಿನಲ್ಲಿ. ಘೋಷಣೆ ಕೂಗಿದವರೇ ಕುರ್ಚಿಯಲ್ಲಿ ಕೂತರೂ ಖಜಾನೆಯ ಲೆಕ್ಕ, ಸಂಸತ್ತಿನ ಬಲಾಬಲ ಮಣಿಯುವುದಿಲ್ಲ.

ಆದ್ದರಿಂದ ವಿದ್ಯಾರ್ಥಿ ನಾಯಕ ಅಧಿಕಾರಕ್ಕೆ ಹೋಗಬಾರದು ಎಂದು ತಡೆಯುವುದರಲ್ಲಿ ಅರ್ಥವಿಲ್ಲ. ಹೋಗಲಿ, ಮತ ಕೇಳಿಯೇ ಹೋಗಲಿ. ಅವನು ಬಿಟ್ಟುಹೋದ ಜಾಗ ಮಾತ್ರ ಖಾಲಿ ಉಳಿಯಬಾರದು. ಅಲ್ಲಿಗೆ ಬಂದ ಹೊಸಬ ಹಳಬನ ಸರ್ಕಾರವನ್ನೇ ಪ್ರಶ್ನಿಸುವಂತಿದ್ದರೆ ಚಳವಳಿ ಇನ್ನೂ ವಿದ್ಯಾರ್ಥಿಗಳದ್ದೇ. ಅದು ಸಾಧ್ಯವಾಗದಿದ್ದರೆ, ಇನ್ನೊಂದು ರಾಜಕೀಯ ಪಕ್ಷ ಹುಟ್ಟಿತು, ಅಷ್ಟೆ.