ಹಕ್ಕುಪತ್ರ ಮೊದಲು, ಅಗಲೀಕರಣ ಆಮೇಲೆ

ಬೇಲೂರು, ಹಳೇಬೀಡಿನಲ್ಲಿ ದೇವಾಲಯದ ಸರಹದ್ದಿನಿಂದ 100 ಮೀಟರ್ ಒಳಗೆ ವಾಸವಿರುವವರ ಮನೆ ಮಳೆಗೆ ಸೋರಿದರೆ, ಗಾರೆಯವರನ್ನು ಕರೆಯುವ ಮೊದಲು ಕಾಗದಪತ್ರ ಹುಡುಕಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ವಲಯ, ಅದರಾಚೆಗಿನ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಅದನ್ನು ಕೇಳಬೇಕಾದರೆ ಕಟ್ಟಡ ತನ್ನದು, ಅದು 1992ರ ಜೂನ್ 16ಕ್ಕೆ ಮೊದಲೇ ಇತ್ತು ಅಥವಾ ಆಮೇಲೆ ಒಪ್ಪಿಗೆ ಪಡೆದೇ ಕಟ್ಟಿದ್ದು ಎಂದು ತೋರಿಸಬೇಕು. ತಾತನ ಕಾಲದಿಂದ ಅಲ್ಲೇ ಬಾಳಿದ್ದರೂ ಖಾತೆಯಾಗಲಿ, ಕಂದಾಯ ಕಟ್ಟಿದ ರಸೀದಿಯಾಗಲಿ ಇಲ್ಲದ ಕುಟುಂಬಕ್ಕೆ ಆ ಅರ್ಜಿಯನ್ನು ತುಂಬುವುದೇ ಸಾಧ್ಯವಿಲ್ಲ.

ಕೊಳೆಗೇರಿ ಎಂದೊಡನೆ ನಮಗೆ ನೆನಪಾಗುವುದು ಮುಂಬೈನ ಧಾರಾವಿ ಅಥವಾ ಬೆಂಗಳೂರಿನ ಈಜಿಪುರ. ಅಲ್ಲಿ ಬಡವರ ಜಾಗದ ಮೇಲೆ ಬಿಲ್ಡರುಗಳ ಕಣ್ಣಿರುತ್ತದೆ. ಹಾಸನ ಜಿಲ್ಲೆಯ ಬೇಲೂರು, ಹಳೇಬೀಡು, ಅರಸೀಕೆರೆಗಳಲ್ಲಿ ಒತ್ತಡ ಬೇರೆ ಕಡೆಯಿಂದ ಬರುತ್ತದೆ: ಸ್ಮಾರಕದ ಸರಹದ್ದು, ರೈಲ್ವೆ ಗಡಿ, ರಸ್ತೆಯ ಮಾರ್ಜಿನ್. ಈ ಮೂರು ಗೆರೆಗಳನ್ನೂ ಎಳೆಯುವುದು ಸರ್ಕಾರವೇ. ಆದ್ದರಿಂದ ಗೆರೆಯೊಳಗೆ ಸಿಕ್ಕಿಕೊಂಡವರ ಹೊಣೆಯನ್ನೂ ಸರ್ಕಾರವೇ ಹೊರಬೇಕು.

ಹೊಯ್ಸಳ ದೇವಾಲಯಗಳು 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲಿದ್ದವು. 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರಕ್ಕೆ ವಿಶ್ವ ಪರಂಪರೆಯ ಮಾನ್ಯತೆ ದೊರೆತಾಗ ನಾಡೇ ಹಿಗ್ಗಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅರಸೀಕೆರೆ ಜಂಕ್ಷನ್ನಿನ ಪುನರಾಭಿವೃದ್ಧಿಗೆ ಅಮೃತ ಭಾರತ ಯೋಜನೆಯಡಿ ಶಂಕುಸ್ಥಾಪನೆಯಾಯಿತು. ಹಾಸನ–ಬೇಲೂರು–ಚಿಕ್ಕಮಗಳೂರು ರೈಲು ಮಾರ್ಗ ಈ ಸೀಮೆಯ ಬಹುಕಾಲದ ಬಯಕೆ. ಇವೆಲ್ಲ ಬರಬೇಕು. ಬಂದಾಗ ರಸ್ತೆ ಅಗಲವಾಗುತ್ತದೆ, ಪಾರ್ಕಿಂಗಿಗೆ ಜಾಗ ಬೇಕಾಗುತ್ತದೆ, ನಿವೇಶನದ ಬೆಲೆ ಏರುತ್ತದೆ. ಆಗ ಮೊದಲು ಅಲುಗಾಡುವುದು ಕಾಗದವಿಲ್ಲದ ಮನೆಗಳು. ಊರನ್ನು ಗುಡಿಸುವ ಪೌರಕಾರ್ಮಿಕರು, ಕೊಬ್ಬರಿ ಮಂಡಿಯ ಹಮಾಲರು, ಕಾಯಿ ಸುಲಿಯುವವರು, ದೇವಸ್ಥಾನದ ಬೀದಿಯಲ್ಲಿ ತಳ್ಳುಗಾಡಿ ಇಟ್ಟವರು ಇಂಥ ಮನೆಗಳಲ್ಲೇ ಹೆಚ್ಚಾಗಿ ಬದುಕುತ್ತಾರೆ.

ಇವರು ಎಷ್ಟು ಮಂದಿ? 2011ರ ಜನಗಣತಿಯ ಪ್ರಕಾರ ಕರ್ನಾಟಕದ ಕೊಳೆಗೇರಿ ನಿವಾಸಿಗಳು ಸುಮಾರು 33 ಲಕ್ಷ. ಆದರೆ ಆ ಗಣತಿ ಕೊಳೆಗೇರಿಯೆಂದು ಹೊಸದಾಗಿ ಗುರುತಿಸಬೇಕಾದರೆ ಒಂದೆಡೆ ಒತ್ತಾಗಿ ಕನಿಷ್ಠ 300 ಜನ ಅಥವಾ 60–70 ಮನೆಗಳಿರಬೇಕಿತ್ತು. ಮಹಾನಗರಕ್ಕೆ ಹೊಂದುವ ಈ ಅಳತೆ ಸಣ್ಣ ಊರಿಗೆ ಹೊಂದದು. ಆಗ 53 ಸಾವಿರ ಜನಸಂಖ್ಯೆಯಿದ್ದ ಅರಸೀಕೆರೆಯಲ್ಲಾಗಲಿ, 22 ಸಾವಿರದ ಬೇಲೂರಿನಲ್ಲಾಗಲಿ ಬಡವರ ಕೇರಿ ಇಪ್ಪತ್ತು ಮನೆಗಳದ್ದೂ ಇರಬಹುದು. ಇನ್ನು ಹಳೇಬೀಡು ಆ ಹೊತ್ತಿಗೆ ಗ್ರಾಮ ಪಂಚಾಯಿತಿ. ಗಣತಿಯ ಲೆಕ್ಕಾಚಾರದಲ್ಲಿ ಹಳ್ಳಿಗೆ ಕೊಳೆಗೇರಿಯೇ ಇಲ್ಲ.

ಲೆಕ್ಕಕ್ಕೆ ಸಿಗದವರು ಕಾನೂನಿನ ಆಸರೆಗೂ ಸಿಗುವುದಿಲ್ಲ. 1973ರ ಕರ್ನಾಟಕ ಕೊಳಚೆ ಪ್ರದೇಶಗಳ ಕಾಯ್ದೆಯ ರಕ್ಷಣೆ ದೊರೆಯುವುದು ಸರ್ಕಾರ ಘೋಷಿಸಿದ ಪ್ರದೇಶಗಳಿಗೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಸ್ವಂತ ಮನೆ ಕಟ್ಟಿಕೊಳ್ಳಲು ನೆರವು ಬೇಕಾದರೆ ನಿವೇಶನ ತಮ್ಮ ಹೆಸರಿನಲ್ಲಿರಬೇಕು. ದುರಸ್ತಿಗೆ ಕಾಗದ, ಸಹಾಯಧನಕ್ಕೆ ಕಾಗದ, ಕೆಡವಿದರೆ ಪರಿಹಾರಕ್ಕೂ ಕಾಗದ. ಸೂರಿನ ಸಮಸ್ಯೆ ಎಂದು ನಾವು ಕರೆಯುವುದರ ಬೇರು ಈ ಕಾಗದದಲ್ಲಿದೆ.

ನ್ಯಾಯಾಲಯ ಕಾಪಾಡುತ್ತದೆ ಎಂಬ ನಂಬಿಕೆಗೂ ಮಿತಿಯಿದೆ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ‘ಬುಲ್ಡೋಜರ್ ನ್ಯಾಯ’ಕ್ಕೆ ತಡೆ ಹಾಕಿ, ಕೆಡವುವ ಮೊದಲು 15 ದಿನಗಳ ನೋಟಿಸ್ ಕಡ್ಡಾಯ ಎಂದಿತು. ಆದರೆ ರಸ್ತೆ, ಪಾದಚಾರಿ ಮಾರ್ಗ, ರೈಲು ಹಳಿಯ ಬದಿ, ನದಿ ಮತ್ತು ಜಲಮೂಲಗಳಲ್ಲಿನ ಅನಧಿಕೃತ ಕಟ್ಟಡಗಳಿಗೆ ಆ ನಿರ್ದೇಶನ ಅನ್ವಯಿಸದು. ರೈಲಿನಿಂದ ಬೆಳೆದ, ಕೆರೆಯ ಹೆಸರನ್ನೇ ಹೊತ್ತ ಅರಸೀಕೆರೆಯಂಥ ಊರಿನಲ್ಲಿ ಬಡವರಿಗೆ ನೆಲ ಸಿಗುವುದೇ ಇಂಥ ಅಂಚುಗಳಲ್ಲಿ. ಉತ್ತರಾಖಂಡದ ಹಲ್ದ್ವಾನಿಯ ರೈಲ್ವೆ ಜಾಗದ ಪ್ರಕರಣದಲ್ಲಿ ಇದೇ ಕೋರ್ಟ್ 2023ರ ಜನವರಿಯಲ್ಲಿ ತೆರವಿಗೆ ತಡೆ ನೀಡಿ, 2024ರ ಜುಲೈನಲ್ಲಿ ಪುನರ್ವಸತಿ ಯೋಜನೆ ರೂಪಿಸಲು ಸೂಚಿಸಿತ್ತು. ಅಲ್ಲಿದ್ದವರು ಸಾವಿರಾರು ಕುಟುಂಬಗಳು. ಇಪ್ಪತ್ತು ಮನೆಗಳ ಕೇರಿ ದೆಹಲಿಯವರೆಗೆ ಹೋಗಲಾರದು.

ಎಚ್ಚರಿಕೆಗೆ ದೂರ ನೋಡಬೇಕಿಲ್ಲ, ಹಂಪಿಯೇ ಇದೆ. 2011ರ ಜುಲೈ ಕೊನೆಯಲ್ಲಿ ವಿರೂಪಾಕ್ಷ ಬಜಾರಿನಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದ ಕುಟುಂಬಗಳನ್ನು ಜೆಸಿಬಿ ತಂದು ಎಬ್ಬಿಸಲಾಯಿತು. ಕಡ್ಡಿರಾಂಪುರದಲ್ಲಿ ತೋರಿಸಿದ ಜಾಗದಲ್ಲಿ ನೆಲೆ ನಿಲ್ಲಲು ಅವರು ವರ್ಷಗಟ್ಟಲೆ ಕಾದರು. ಸ್ಮಾರಕ ಉಳಿಯಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಬದಲಿ ಮನೆ ಎದ್ದು ನಿಲ್ಲುವ ಮೊದಲೇ ಇದ್ದ ಮನೆ ಕೆಡವಿದ್ದು ತಪ್ಪು.

ಒಡಿಶಾ ಬೇರೆ ದಾರಿ ತೋರಿದೆ. 2017ರಲ್ಲಿ ಅದು ಕೊಳೆಗೇರಿ ನಿವಾಸಿಗಳ ಭೂಹಕ್ಕು ಕಾನೂನು ತಂದಾಗ ಮೊದಲು ಆರಿಸಿಕೊಂಡಿದ್ದು ಮಹಾನಗರಗಳನ್ನಲ್ಲ, ಸಣ್ಣ ಪಟ್ಟಣಗಳನ್ನು. ಡ್ರೋನ್ ಹಾರಿಸಿ ನಕ್ಷೆ ಮಾಡಿ, ಮನೆಮನೆ ಸಮೀಕ್ಷೆ ನಡೆಸಿ, ಗಂಡ–ಹೆಂಡತಿ ಇಬ್ಬರ ಹೆಸರಿನಲ್ಲೂ ಹಕ್ಕುಪತ್ರ ಕೊಟ್ಟಿತು. ಅದನ್ನು ಮಾರುವಂತಿಲ್ಲ, ಮಕ್ಕಳಿಗೆ ಬಿಡಬಹುದು, ಮನೆ ಸಾಲಕ್ಕೆ ಅಡವಿಡಬಹುದು.

ನಮ್ಮಲ್ಲೂ ದಾರಿ ಇಲ್ಲದಿಲ್ಲ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಗಳ ಸಕ್ರಮಕ್ಕೆ ಭೂ ಕಂದಾಯ ಕಾಯ್ದೆಯಲ್ಲಿ ಹಳ್ಳಿಗೆ 94ಸಿ, ಪಟ್ಟಣಕ್ಕೆ 94ಸಿಸಿ ಕಲಂಗಳಿವೆ. ನಗರಸಭೆ, ಪುರಸಭೆ, ಪಂಚಾಯಿತಿಗಳು ಕಂದಾಯ ಇಲಾಖೆಯ ಜೊತೆ ಸೇರಿ ಖಾತೆಯಿಲ್ಲದ ಪ್ರತಿ ಮನೆಯನ್ನೂ ನಕ್ಷೆಗೆ ಏರಿಸಲಿ. ಸಕ್ರಮವಾಗಬಲ್ಲ ಕಡೆ ಹಕ್ಕುಪತ್ರ ಕೊಡಲಿ. ಹಳಿಯ ಪಕ್ಕ, ಕೆರೆಯಂಗಳ, ಸ್ಮಾರಕದ ಮಗ್ಗುಲಿನಂಥ ಕಡೆ ಉಳಿಸಲಾಗದಿದ್ದರೆ, ಕೆಲಸಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಬದಲಿ ಮನೆ ಸಿದ್ಧಪಡಿಸಿದ ಮೇಲೆಯೇ ಸ್ಥಳಾಂತರಿಸಲಿ. ರೈಲ್ವೆ ಜಾಗದ ವಿಷಯದಲ್ಲಿ ಜಿಲ್ಲಾಡಳಿತ ಈಗಲೇ ರೈಲ್ವೆಯೊಂದಿಗೆ ಕುಳಿತು ಮಾತಾಡಲಿ.

ಹಕ್ಕುಪತ್ರ ಕೊಡುತ್ತಾ ಹೋದರೆ ಒತ್ತುವರಿಗೆ ಕುಮ್ಮಕ್ಕು ಸಿಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಕೊನೆಯ ದಿನಾಂಕವನ್ನು ಗಟ್ಟಿಯಾಗಿ ನಿಗದಿ ಮಾಡುವುದು, ಪರಭಾರೆಗೆ ಅವಕಾಶ ಕೊಡದಿರುವುದು ಅದಕ್ಕೆ ಉತ್ತರ. ಮನೆಗಳು ಎಣಿಕೆಗೆ ಸಿಗುವಷ್ಟಿರುವಾಗ, ಜಾಗದ ಬೆಲೆ ಕೈಗೆಟುಕುವಾಗ ಇದು ಸುಲಭ. ಇನ್ನು ಹತ್ತು ವರ್ಷ ಬಿಟ್ಟರೆ ನಡಿಗೆಯ ದೂರದಲ್ಲಿ ಬದಲಿ ಜಾಗವೇ ಉಳಿದಿರುವುದಿಲ್ಲ.

ಬೀಡು ಎಂದರೆ ನೆಲೆ. 1311ರಲ್ಲಿ ಮಲಿಕ್ ಕಾಫರನ ದಾಳಿಗೆ ಸಿಕ್ಕಿ, ಮುಂದೆ ರಾಜಧಾನಿಯ ಪಟ್ಟವನ್ನೂ ಕಳೆದುಕೊಂಡ ದೋರಸಮುದ್ರವನ್ನು ಜನ ಹಳೇಬೀಡು ಎಂದು ಕರೆದರು. ಅರಸರು ಹೋದ ಮೇಲೂ ಊರು ಊರಾಗಿ ಉಳಿದದ್ದು ಬಿಟ್ಟುಹೋಗದೆ ಅಲ್ಲೇ ಬಾಳಿದವರಿಂದ. ಅಂಥವರ ಮನೆಗಳ ಪಟ್ಟಿ ತಯಾರಾದ ಮೇಲೆ ರಸ್ತೆಯ ಅಳತೆ ಶುರುವಾಗಲಿ.